ಅಕ್ಕನ ಕಾರ್ಡಿನ ಮೂರು ವರ್ಷ

ತೆರಿಗೆ ಕಚೇರಿ ತೆರೆಯುವುದು ಹತ್ತು ಗಂಟೆಗೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಆ ಗುರುವಾರ ನಾನು ಎಂಟೂಕಾಲಿಗೇ ಹೋಗಿ ನಿಂತಿದ್ದೆ. ನಿಂತಿದ್ದೆ ಅನ್ನುವುದೂ ಸುಳ್ಳು. ಮೆಟ್ಟಿಲು ಹತ್ತಿದೆ, ಇಳಿದೆ, ಗೇಟಿನವರೆಗೆ ಹೋಗಿ ಬಂದೆ, ಮತ್ತೆ ಹತ್ತಿದೆ.

"ಒಂದು ಕಡೆ ಕೂತ್ಕೊಳ್ಳಮ್ಮ, ನಿನ್ನ ನೋಡಿ ನೋಡಿ ನನಗೇ ತಲೆ ತಿರುಗ್ತಿದೆ" ಎಂದ ಕಾವಲುಗಾರ.

"ಹಾಗಾದ್ರೆ ಕಣ್ಣು ಮುಚ್ಕೊಳ್ಳಪ್ಪ" ಎಂದೆ.

ನನ್ನ ಕೆಲಸ ಹೋಗುವುದಕ್ಕೆ ಒಂದೂವರೆ ದಿನ ಉಳಿದಿತ್ತು, ಕೂರುವುದು ಹೇಗೆ? ದೊಡ್ಡಾಸ್ಪತ್ರೆಯ ಉಗಿಕೋಣೆಯಲ್ಲಿ ನಾನು ಎಂಟು ವರ್ಷದಿಂದ ಇದ್ದೇನೆ. ಆಪರೇಷನ್ನಿನ ಕತ್ತರಿ, ಇಕ್ಕಳ, ಚಿಮಟಗಳನ್ನು ತೊಳೆದು, ಜೋಡಿಸಿ, ಬಟ್ಟೆಯಲ್ಲಿ ಸುತ್ತಿ, ಉಗಿಯಂತ್ರದಲ್ಲಿ ಬೇಯಿಸಿ ತೆಗೆಯುವ ಕೆಲಸ. ಕಣ್ಣು ಕಟ್ಟಿ ಬಿಟ್ಟರೂ ಯಾವ ಕತ್ತರಿ ಯಾವ ಆಪರೇಷನ್ನಿಗೆ ಎಂದು ಹೇಳಬಲ್ಲೆ. ಆದರೆ ಹೊಸ ನಿಯಮ ಬಂತು. ಹತ್ತು ವರ್ಷದ ಅನುಭವಕ್ಕೆ ಕಾಗದ ತೋರಿಸಿದವರಿಗೆ ಸರ್ಟಿಫಿಕೇಟು ಕೊಡುತ್ತಾರಂತೆ, ಮಿಕ್ಕವರು ಪರೀಕ್ಷೆ ಬರೆಯಬೇಕಂತೆ, ಸರ್ಟಿಫಿಕೇಟಿಲ್ಲದವರಿಗೆ ಕೆಲಸ ಇಲ್ಲವಂತೆ. ಪುಸ್ತಕ ಇನ್ನೂರು ಪುಟ. ನಾನು ಓದಿದ್ದು ಏಳನೇ ಕ್ಲಾಸು, ಅದೂ ಮೇಷ್ಟ್ರ ಪುಣ್ಯ. ಕಾಗದ ತೋರಿಸುವುದಕ್ಕೆ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಗಡುವು.

ಎರಡು ವರ್ಷ ಕಡಿಮೆ ಬಿದ್ದದ್ದಕ್ಕೆ ನಾನೇನೂ ಹೆದರಿರಲಿಲ್ಲ. ದೊಡ್ಡಾಸ್ಪತ್ರೆಗೆ ಬರುವ ಮೊದಲು ಒಂದು ನರ್ಸಿಂಗ್ ಹೋಮಿನಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿದ್ದೆ. ಅದು ಮುಚ್ಚಿಹೋಗಿದೆ, ಮಾಲೀಕರು ಎಲ್ಲಿದ್ದಾರೋ ದೇವರಿಗೇ ಗೊತ್ತು. ಆದರೆ ಸಂಬಳದಲ್ಲಿ ತೆರಿಗೆ ಹಿಡಿದು ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಹೆಸರಿನ ಪಟ್ಟಿ ಕಚೇರಿಯಲ್ಲಿ ಇರಲೇಬೇಕಲ್ಲ.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಗುಮಾಸ್ತನ ಮೂಗಿಗೆ ಧೂಳು ಆಗಿಬರುತ್ತಿರಲಿಲ್ಲ. ಒಂದು ಕಟ್ಟು ಇಳಿಸಿದರೆ ನಾಲ್ಕು ಸೀನು, ಒಂದು ಹಾಳೆ ತಿರುವಿದರೆ ಮೂಗೊರೆಸುವುದು. ಇಂಥವನನ್ನು ಹುಡುಕಿ ಹುಡುಕಿ ಇಲ್ಲಿಗೇ ಹಾಕಿದ್ದಾರಲ್ಲ, ಅವರ ಬುದ್ಧಿಗಿಷ್ಟು! ಮೊದಲು ನನ್ನ ಹೆಸರಿನಲ್ಲಿ ಹುಡುಕಿದ. ಇಲ್ಲ. ನನ್ನ ತೆರಿಗೆ ನಂಬರಿನಲ್ಲಿ ಹುಡುಕಿದ. ಇಲ್ಲ.

"ಇಲ್ಲ ಅಂದ್ರೆ? ಮೂರು ವರ್ಷ ಕೈ ಸುಟ್ಕೊಂಡಿದೀನಿ ಸ್ವಾಮಿ, ನೋಡಿ!" ಎಂದು ತೋಳು ಮುಂದೆ ಮಾಡಿದೆ.

"ಸುಟ್ಟ ಗಾಯಕ್ಕೆ ನಾನು ಸೀಲು ಹಾಕಕ್ಕಾಗತ್ತಾ?" ಎಂದ. ಆದರೂ ಒಳ್ಳೆಯವನು, ನರ್ಸಿಂಗ್ ಹೋಮಿನವರು ವರ್ಷಕ್ಕೊಮ್ಮೆ ಕೊಡುತ್ತಿದ್ದ ಪಟ್ಟಿಗಳನ್ನೇ ಹುಡುಕುತ್ತೇನೆಂದು ಏಣಿ ಹತ್ತಿದ. ಅವನು ಮೇಲೆ ಸೀನುತ್ತಿದ್ದರೆ ಕೆಳಗೆ ನಾನು ಮೂರು ಕಪಾಟುಗಳ ನಡುವೆ ಶತಪಥ ಹಾಕುತ್ತಿದ್ದೆ.

ಪಟ್ಟಿ ಸಿಕ್ಕಿತು. ಉಗಿಕೋಣೆ ಎಂದು ಬರೆದ ಕಡೆ ಒಂದೇ ಹೆಸರು. ಐದು ವರ್ಷಕ್ಕೂ ಅದೇ ಹೆಸರು, ಅದೇ ನಂಬರು. ನಮ್ಮಕ್ಕನದು.

ಆ ಕೆಲಸ ಮೊದಲು ಅಕ್ಕನದೇ ಆಗಿತ್ತು. ಎರಡು ವರ್ಷ ಮಾಡಿದಳು. ಆಮೇಲೆ ಅವಳ ಮಗನಿಗೆ ಉಬ್ಬಸ ಜೋರಾಗಿ ಮನೆಯಲ್ಲಿ ಉಳಿಯಬೇಕಾಯಿತು. ಜಾಗ ಕೈಬಿಡಬಾರದೆಂದು ತನ್ನ ಕೆಲಸದ ಕಾರ್ಡು ಕೊಟ್ಟು ನನ್ನನ್ನು ಕಳಿಸಿದಳು. ನಮ್ಮ ಕೆಲಸದಲ್ಲಿ ಇದು ನಡೆಯುತ್ತಿತ್ತು. ಟೋಪಿ, ಮುಖಕ್ಕೆ ಮಾಸ್ಕು, ಮೊಳಕೈವರೆಗೆ ಗ್ಲೌಸು, ಕಾಣುವುದು ಎರಡು ಕಣ್ಣು. ಅಕ್ಕತಂಗಿಯರ ಕಣ್ಣು ಒಂದೇ ಥರ. ಹೆಡ್ ನರ್ಸಿಗೆ ಗೊತ್ತಿತ್ತು, ಕೆಲಸ ಆದರೆ ಸಾಕೆಂದು ಸುಮ್ಮನಿದ್ದರು. ಸಂಬಳ ಕವರಿನಲ್ಲಿ ಕೈಗೆ ಬರುತ್ತಿತ್ತು, ಸಹಿಯೂ ಇಲ್ಲ ಗಿಹಿಯೂ ಇಲ್ಲ. ಆದರೆ ಎರಡೇ ತಿಂಗಳಿಗೆ ಅಕ್ಕ, "ಮಾತಾಡಿದೀನಿ ಕಣೆ, ಎಲ್ಲಾ ನಿನ್ನ ಹೆಸರಿಗೆ ಮಾಡ್ಸಿದೀನಿ" ಎಂದಿದ್ದಳು. ಅಕ್ಕನ ಮಾತು ನಂಬದೆ ರಿಜಿಸ್ಟರು ತೋರಿಸಿ ಅನ್ನುವುದುಂಟೆ? ನಂಬಿದೆ.

ಹೋದ ತಿಂಗಳು ಅಕ್ಕನಿಗೆ ಅವಳ ಆಸ್ಪತ್ರೆಯಲ್ಲಿ ಸರ್ಟಿಫಿಕೇಟು ಸಿಕ್ಕಿತ್ತು. ಈಗಿನ ಕೆಲಸ ಆರು ವರ್ಷ, ನರ್ಸಿಂಗ್ ಹೋಮಿನದು ಐದು, ಒಟ್ಟು ಹನ್ನೊಂದು. ಆ ಐದರಲ್ಲಿ ಮೂರು ನನ್ನವು! ನಾನೇ ಅವಳಿಗೆ ಸ್ವೀಟು ತಿನ್ನಿಸಿ ಬಂದಿದ್ದೆ.

ಗುಮಾಸ್ತನಿಗೆ ನಡೆದದ್ದೆಲ್ಲ ಹೇಳಿದೆ. "ನಿಮ್ಮಕ್ಕನೇ ಸರ್ಟಿಫಿಕೇಟು ಕೊಡೋ ಅರ್ಹತಾ ಕಚೇರಿಗೆ ಬಂದು, ಕೆಲಸ ಮಾಡಿದ್ದು ನೀವು ಅಂತ ಎದುರಿಗೆ ಹೇಳ್ಬೇಕು. ಬೇರೆ ದಾರಿ ಇಲ್ಲ" ಎಂದು ಗುಮಾಸ್ತ ನಕಲಿಗೆ ಸೀಲು ಒತ್ತಿ ಕೊಟ್ಟ.

ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ, ನಡೆದೇ ಹೋದೆ. ಅಕ್ಕ ಎರಡನೇ ಮಹಡಿಯ ತನ್ನ ಮನೆಯಲ್ಲಿ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು. ಕಾಗದವನ್ನು ಅವಳ ಮಡಿಲಿಗೆ ಎಸೆದೆ.

"ಯಾರ ಹೆಸರಿದೆ ಓದು!"

ಅವಳು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಹೆಸರು ಗುರುತಿಸಿದಳು.

"ಸುಳ್ಳು ಹೇಳ್ದೆ" ಎಂದಳು. "ಮಗ ಹುಷಾರಾದ್ಮೇಲೆ ವಾಪಸ್ ಹೋಗ್ಬೇಕು ಅಂತಿದ್ದೆ. ನಿನ್ನ ಹೆಸರಿಗೆ ಮಾಡ್ಸಿದ್ರೆ ನೀನು ಬಿಟ್ಕೊಡ್ತಿದ್ಯಾ?"

ಬಿಟ್ಟುಕೊಡುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಕೂಗಿದೆ. "ಸ್ವಂತ ತಂಗಿ ಹೊಟ್ಟೆ ಮೇಲೆ ಹೊಡೀತೀಯಲ್ಲೇ! ಸರ್ಟಿಫಿಕೇಟು ತಗೊಳ್ಳೋವಾಗಾದ್ರೂ ಒಂದು ಮಾತು ಹೇಳ್ಬಾರ್ದಾ? ಸ್ವೀಟು ಗಂಟಲಲ್ಲಿ ಹೇಗಿಳೀತು ನಿನಗೆ?" ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ನೋಡಲಿ ಎಂದು ಮತ್ತೂ ಜೋರಾಗಿ ಬೈದೆ. ಬಾಯಿಗೆ ಬಂದದ್ದೆಲ್ಲ ಅಂದೆ.

ನನ್ನ ಉಸಿರು ಮುಗಿದ ಮೇಲೆ ಅಕ್ಕ ಕೇಳಿದಳು, "ನಾಳೆ ಎಷ್ಟು ಗಂಟೆಗೆ ಬರ್ಬೇಕು?"

"ನಿನ್ನ ಸರ್ಟಿಫಿಕೇಟು ಕಿತ್ಕೋತಾರೆ."

"ಗೊತ್ತು."

"ಪರೀಕ್ಷೆ ಬರಿ."

"ಬಸ್ಸಿನ ಬೋರ್ಡೇ ಕಾಣಲ್ಲ ನನಗೆ, ಪರೀಕ್ಷೆಯಂತೆ" ಎಂದು ನಕ್ಕಳು. "ನನಗೆ ಐವತ್ತೊಂದು ಕಣೆ. ನೀನು ಇನ್ನೂ ಇಪ್ಪತ್ತು ವರ್ಷ ದುಡೀಬೇಕು. ಗಂಟೆ ಹೇಳು."

"ಹನ್ನೆರಡಕ್ಕೆ" ಎಂದೆ. ಬೇಡ ಎಂದು ಬಾಯಿಮಾತಿಗೂ ಅನ್ನಲಿಲ್ಲ.

ಶುಕ್ರವಾರ ಅರ್ಹತಾ ಕಚೇರಿಯಲ್ಲಿ ನಮ್ಮ ಸರದಿ ಬಂದಾಗ ಒಂದೂಕಾಲು. ಅಷ್ಟರಲ್ಲಿ ನಾನು ಗಡಿಯಾರ ನೋಡಿ ನೋಡಿ, ಕ್ಯೂ ಮುರಿದವನೊಬ್ಬನ ಜೊತೆ ಜಗಳವಾಡಿ, ಸೆರಗಿನ ತುದಿಯ ದಾರವನ್ನೆಲ್ಲ ಕಿತ್ತಿದ್ದೆ. ಅಧಿಕಾರಿ ಎಳೆಯ ವಯಸ್ಸಿನವನು, ಮೆತ್ತಗೆ ಮಾತಾಡುವವನು. ಪಟ್ಟಿಯನ್ನು ಓದಿ ಅಕ್ಕನತ್ತ ತಿರುಗಿದ.

"ಈ ಮೂರು ವರ್ಷ ಅಲ್ಲಿ ಕೆಲಸ ಮಾಡಿದ್ದು ನಿಮ್ಮ ತಂಗಿ, ನೀವಲ್ಲ. ಸರೀನಾ?"

"ಸರಿ."

"ಆ ವರ್ಷಗಳು ನಿಮ್ಮ ಲೆಕ್ಕದಿಂದ ಹೋಗುತ್ವೆ. ನಿಮ್ಮ ಸರ್ಟಿಫಿಕೇಟು ರದ್ದಾಗತ್ತೆ."

"ಆಗಲಿ ಸರ್."

"ಹಾಗಾದ್ರೆ ಆ ಮೂರು ವರ್ಷ ನೀವೇನು ಮಾಡ್ತಿದ್ರಿ? ಈ ಕಾಲಂ ಖಾಲಿ ಬಿಡೋ ಹಾಗಿಲ್ಲ."

ಒಂದು ವಿಷಯ ನಾನು ಇಲ್ಲಿಯವರೆಗೆ ಹೇಳಿಲ್ಲ. ಸಿಟ್ಟಿನಲ್ಲಿ ಮರೆತೆ ಎಂದರೆ ಅದೂ ಸುಳ್ಳಾಗುತ್ತದೆ. ನಾನು ಆ ಕೆಲಸಕ್ಕೆ ಹೋಗುವಾಗ ನನ್ನ ಮಗಳಿಗೆ ಐದು ತಿಂಗಳು. ಗಂಡ ಬಿಟ್ಟು ಹೋಗಿದ್ದ. ಬೆಳಿಗ್ಗೆ ಆರಕ್ಕೆ ಮಗುವನ್ನು ಅಕ್ಕನ ಕೈಗೆ ಕೊಟ್ಟು ಓಡುತ್ತಿದ್ದೆ, ತಿರುಗಿ ಬರುವಷ್ಟರಲ್ಲಿ ದೀಪ ಹಚ್ಚಿರುತ್ತಿದ್ದರು. ಒಂದು ಕಡೆ ಉಸಿರಿಗೆ ಒದ್ದಾಡುವ ಮಗ, ಇನ್ನೊಂದು ಕಡೆ ನನ್ನ ಕೂಸು, ಮೂರು ವರ್ಷ ಇಬ್ಬರನ್ನೂ ಅವಳೊಬ್ಬಳೇ ಸಾಕಿದಳು. ನನ್ನ ಮಗಳು ಮೊದಲು ಅಮ್ಮಾ ಎಂದು ಕರೆದದ್ದು ಅಕ್ಕನನ್ನು.

ಅಕ್ಕ ನನ್ನ ಮುಖ ನೋಡಿದಳು. ನಾನು ಹೇಳಬಹುದಿತ್ತು. ನಿನ್ನೆ ಇಡೀ ಕಟ್ಟಡಕ್ಕೆ ಕೇಳುವಂತೆ ಅರಚಿದವಳಿಗೆ ಅಲ್ಲಿ ಬಾಯಿ ಬರಲಿಲ್ಲ. ಏನಾದರೂ ಹೇಳಿದರೆ ಇನ್ನೊಂದು ಅರ್ಜಿ, ಇನ್ನೊಂದು ವಿಚಾರಣೆ ಎಂದು ಎರಡು ಗಂಟೆ ದಾಟಿಬಿಟ್ಟರೆ ಎಂದು ಹೆದರಿದೆ. ತಲೆ ತಗ್ಗಿಸಿ ಮೇಜು ನೋಡಿದೆ.

"ಏನೂ ಇಲ್ಲ ಸರ್. ಮನೇಲಿ ಸುಮ್ನೆ ಇದ್ದೆ" ಎಂದಳು ಅಕ್ಕ.

ಅವನು ಹಾಗೆಯೇ ಬರೆದುಕೊಂಡ. ‘ಏನೂ ಮಾಡುತ್ತಿರಲಿಲ್ಲ’ ಎಂದು. ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದ. "ಇದು ನಿಜ ಅಂತ ನೀವೂ ಒಂದು ಸಹಿ ಹಾಕ್ಬೇಕು."

ಪೆನ್ನು ಹಿಡಿದು ಕೂತೆ.

"ಬೇಗ ಹಾಕೇ, ಹೊತ್ತಾಗತ್ತೆ" ಎಂದಳು ಅಕ್ಕ.

ಹಾಕಿದೆ.