ಶನಿವಾರದ ಫೈನಲ್

"ಅವರು ಬರಲ್ವಂತೆ ಅಮ್ಮ," ಎನ್ನುತ್ತ ಜನೆಲ್ ಫೋನನ್ನು ತಾಯಿಯ ಕಿವಿಗೇ ಹಿಡಿದಳು.

ಆರ್ಲಿಸ್‌ಗೆ ಮೊದಲು ಕೇಳಿಸಿದ್ದು ಬ್ಯಾಂಡಿನ ಗದ್ದಲ. ಆಮೇಲೆ ಮೈದುನ ಗೇಲರ್ಡ್‌ನ ದನಿ.

"ಅತ್ತಿಗೆ, ಬೈಬೇಡಿ. ಸೂಟು ಹಾಕ್ಕೊಂಡು ನಾಲ್ಕೂ ಜನ ಚರ್ಚಿಗೇ ಹೊರಟಿದ್ವಿ. ಹೈವೇ ಹತ್ರ ಕಾರು ಫೈನಲ್ ನಡೆಯೋ ಒಮಾಹಾ ಕಡೆ ತಿರುಗಿಬಿಡ್ತು."

"ಕಾರು ತಿರುಗ್ತಾ?"

"ಓರ್ವಿಲ್ ಅಣ್ಣ ಇದ್ದಿದ್ರೆ ಅವನೂ ಇಲ್ಲೇ ಇರ್ತಿದ್ದ. ನೀವೇ ಹೇಳಿ, ಸುಳ್ಳಾ?"

ಸುಳ್ಳಲ್ಲ. ಆದರೆ ಪಂದ್ಯಗಳಲ್ಲಿ ಗಂಡನ ಜೊತೆ ಕೂತು ಕೂಗಿದವರೇ ಅವನ ಶವಪೆಟ್ಟಿಗೆ ಎತ್ತಿಕೊಂಡು ಹೋಗಬೇಕು, ಗಾಲಿಯ ಮೇಲೆ ತಳ್ಳಿಸಬಾರದು. ಅವಳು ಕೇಳಿಕೊಂಡಿದ್ದು ಅದೊಂದನ್ನೇ.

"ಮಣ್ಣು ಮಾಡೋದು ಶನಿವಾರ ಆಗಬಹುದಾ ಅಂತ ಪಾದ್ರಿಗಳು ಎರಡು ಸಲ ಕೇಳಿದ್ರು," ಎಂದಳು ಜನೆಲ್. "ನೀನೇ ನಕ್ಕುಬಿಟ್ಟೆ."

"ನಮ್ಮ ಕಾಲೇಜಿನ ಹುಡುಗರು ಫೈನಲ್‌ಗೆ ಹೋಗ್ತಾರೆ ಅಂತ ಯಾರು ಕನಸು ಕಂಡಿದ್ರು?"

* * *

ಮಾರ್ಚ್ ಬಂತೆಂದರೆ ಓರ್ವಿಲ್ ಧಾನ್ಯದ ಗೋದಾಮಿಗೆ ರಜೆ ಹಾಕುತ್ತಿದ್ದ. ಕಾನ್ಫರೆನ್ಸ್ ಎಂಬ ಕೂಟದ ಕಾಲೇಜುಗಳೆಲ್ಲ ಒಂದೇ ಕಡೆ ಸೇರಿ ಬ್ಯಾಸ್ಕೆಟ್‌ಬಾಲ್ ಆಡುವ ವಾರವದು. ಸೋತವರು ಅಂದೇ ಮನೆಗೆ. ಕೊನೆಗೆ ಉಳಿದವರು ರಾಷ್ಟ್ರೀಯ ಪಂದ್ಯಾವಳಿಗೆ. ಊರಿನ ಹಾರ್ಲನ್ ಕಾಲೇಜು ಮೊದಲ ದಿನವೇ ಸೋಲುತ್ತಿತ್ತು. ಗಂಡ ಹೆಂಡತಿ ಅಂದೇ ಹಿಂದಿರುಗುತ್ತಿದ್ದರು.

ಒಂದು ವರ್ಷ ಆರ್ಲಿಸ್ ಕೈಚೀಲದಲ್ಲಿ ಮಲಗುವಾಗ ಹಾಕುವ ಅಂಗಿ ಇಟ್ಟುಕೊಂಡಳು.

"ಇದ್ಯಾಕೆ?"

"ಗೆದ್ರೆ ಅಲ್ಲೇ ಉಳೀಬೇಕಲ್ವಾ?"

ಕಾರು ಓಡಿಸುತ್ತಿದ್ದ ಅವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಕಣ್ಣೊರೆಸಿಕೊಂಡು, "ನೀನೊಬ್ಳೇ ಕಣೇ ನಂಬಿದ್ದು," ಎಂದ.

ಅಂದು ಹೀನಾಯವಾಗಿ ಸೋತರು. ಅವಳು ಮತ್ತೆಂದೂ ಆ ಅಂಗಿ ಒಯ್ಯಲಿಲ್ಲ.

* * *

ಚರ್ಚು ಅರ್ಧ ಖಾಲಿ. ನೆಲಮಾಳಿಗೆಯಲ್ಲಿ ಆಮೇಲಿನ ಊಟಕ್ಕೆ ಹ್ಯಾಮ್ ಸ್ಯಾಂಡ್‌ವಿಚ್ ಜೋಡಿಸುತ್ತಿದ್ದ ಹೆಂಗಸರು ರೇಡಿಯೊ ಸಣ್ಣಗೇ ಇಟ್ಟುಕೊಂಡಿದ್ದರು. ಆದರೂ ಪ್ರಾರ್ಥನೆಯ ನಡುವೆ "ಅಯ್ಯೋ!" ಎಂಬ ಕೂಗು ಮೇಲೆ ಬಂತು. ಆಮೆನ್ ಹೇಳುವಷ್ಟರಲ್ಲಿ ಕೆಳಗೆ ಎಲ್ಲರೂ ಕಿರುಚುತ್ತಿದ್ದರು.

"ಗೆದ್ರಾ?" ಗೋದಾಮಿನಲ್ಲಿ ಓರ್ವಿಲ್ ಜೊತೆ ದುಡಿದ ಮುದುಕ ಮರ್ಲಿನ್ ಎದ್ದೇಬಿಟ್ಟ.

ಹೆಂಡತಿ ಅವನ ಕೋಟು ಹಿಡಿದೆಳೆದಳು. "ಕೂತ್ಕೊಳ್ರೀ. ಹೆಣದ ಮುಂದೆ ಮರ್ಯಾದೆ ಬೇಡ್ವಾ?"

"ಅವನಿಗೂ ಗೊತ್ತಾಗ್ಲಿ ಬಿಡೇ."

ಪೆಟ್ಟಿಗೆ ಗಾಲಿಯ ಮೇಲೆಯೇ ಹೊರಟಿತು. ಆರ್ಲಿಸ್ ಅದರ ಮೇಲೊಂದು ಕೈಯಿಟ್ಟು ನಡೆದಳು. ಎತ್ತಲು ಅವಳಿಂದಾಗದು.

ಹೆಣದ ಕಾರಿನ ಹಿಂದೆ ಉಳಿದ ಕಾರುಗಳು ರೂಢಿಯಂತೆ ಹಗಲಲ್ಲೇ ದೀಪ ಹಚ್ಚಿಕೊಂಡು ಮುಖ್ಯ ಬೀದಿಗೆ ಬಂದವು. ಅಂಗಡಿಗಳಿಂದ ಜನ ಹೊರಗೆ ನುಗ್ಗುತ್ತಿದ್ದರು. ಹೆಣವಿದ್ದ ಕಪ್ಪು ಕಾರು ಆಗಲೇ ತಿರುವು ದಾಟಿತ್ತು. ಅವರಿಗೆ ಕಂಡದ್ದು ದೀಪದ ಸಾಲು ಮಾತ್ರ. ಗೆಲುವಿನ ಮೆರವಣಿಗೆ ಎಂದುಕೊಂಡು ಟ್ರಕ್ಕೊಂದು ದೀಪ ಹಚ್ಚಿ ಹಿಂದೆ ಸೇರಿಕೊಂಡಿತು, ಹಾರ್ನ್ ಒತ್ತಿತು. ಅದರ ಹಿಂದೆ ಇನ್ನೊಂದು. ಮತ್ತೂ ಒಂದು.

"ಇಳಿದು ಹೇಳ್ಲಾ ಅಮ್ಮ?" ಜನೆಲ್ ಅಳುತ್ತಿದ್ದಳು. "ಇದು ಸಾವು ಅಂತ?"

"ಯಾರ್ಯಾರಿಗೆ ಅಂತ ಹೇಳ್ತೀಯ?"

ಸ್ಮಶಾನದ ಗೇಟಿನೊಳಗೆ ಮೊದಲ ಟ್ರಕ್ಕಿನ ಹಾರ್ನ್ ಥಟ್ಟನೆ ನಿಂತಿತು. ಆಮೇಲೆ ಎರಡನೆಯದು. ಗೋರಿಕಲ್ಲುಗಳು ಕಂಡಂತೆಲ್ಲ ಒಂದೊಂದೇ ಹಾರ್ನ್ ನಿಲ್ಲುತ್ತ ಬಂತು. ಯಾರೋ ಟೋಪಿ ತೆಗೆದು ಸ್ಟೀರಿಂಗ್ ಮೇಲಿಟ್ಟರು. ಸಾಲಿನ ತುದಿಯವನು ಇನ್ನೂ ಬೀದಿಯಲ್ಲೇ ಇದ್ದ. ಅವನಿಗೆ ಏನೂ ಕಾಣುತ್ತಿರಲಿಲ್ಲ. ಹಾರ್ನ್ ಒತ್ತುತ್ತಲೇ ಇದ್ದ.