ಬಾಲ್ಕನಿಗೆ ಕಾಣದ ಧ್ರುವ ನಕ್ಷತ್ರ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಮೂಳೆ ಮೇಡಂ’ ಎಂದು. ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಅವಳ ಕೆಲಸ. ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲಿಗೂ ಸೀಸದ ತಗಡು. ಸಂಜೆ ಅಲ್ಲಿಂದ ಹೊರಬಿದ್ದರೆ ನೇರ ಮನೆ. ಮನೆಯಲ್ಲಿ ಅಕ್ಕ. ಬೀದಿದೀಪ ಹತ್ತುವ ಹೊತ್ತಿಗೆ ತಂಗಿ ಒಳಗಿರಬೇಕು, ಬಾಗಿಲಿಗೆ ಮೇಲಿನ ಚಿಲಕವೂ ಕೆಳಗಿನ ಚಿಲಕವೂ ಬಿದ್ದಿರಬೇಕು.

ಇದನ್ನು ಜುಲುಮೆ ಎನ್ನಲು ತಂಗಿಗೆ ನಾಲಿಗೆ ಏಳುತ್ತಿರಲಿಲ್ಲ. ಅಪ್ಪ ಅಮ್ಮ ಒಟ್ಟಿಗೇ ಅಪಘಾತದಲ್ಲಿ ಹೋದಾಗ ಅವಳಿನ್ನೂ ಹಾಲುಹಲ್ಲು ಬೀಳದ ಮಗು. ಅಕ್ಕ ಓದು ಬಿಟ್ಟು, ಹೊಲಿಗೆ ಯಂತ್ರದ ಮುಂದೆ ಕೂತು, ಬಂದ ಗಂಡುಗಳನ್ನೆಲ್ಲ ಹಿಂದಕ್ಕೆ ಕಳಿಸಿ ಸಾಕಿದವಳು. ಅಂಥವಳಿಗೆ ಎದುರಾಡುವುದೆಂದರೆ ಉಂಡ ಮನೆಗೆ ಎರಡು ಬಗೆದಂತೆ.

ಹೀಗಿದ್ದವಳಿಗೆ ಆಕಾಶದ ಹುಚ್ಚು ಹಿಡಿದದ್ದು ಒಂದು ಕ್ಯಾಲೆಂಡರಿನಿಂದ. ಡಾಕ್ಟರ ಮೇಜಿನ ಮೇಲಿದ್ದ ಅದರಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಚಿತ್ರವಿತ್ತು, ಕತ್ತಲಲ್ಲಿ ಯಾರೋ ಗುಲಾಬಿ ಬಣ್ಣದ ಹೊಗೆ ಊದಿಬಿಟ್ಟ ಹಾಗೆ. ಸಾಧಾರಣ ಕ್ಯಾಮೆರಾದಲ್ಲೂ ಅದನ್ನು ಹಿಡಿಯಬಹುದಂತೆ ಎಂದು ಕೇಳಿದ ಮೇಲೆ ಅವಳಿಗೆ ಅದೇ ಧ್ಯಾನ. ಹೆದರುತ್ತಲೇ ಅಕ್ಕನಿಗೆ ಹೇಳಿದಳು.

“ಅಷ್ಟೇ ತಾನೇ? ನಡಿ, ನಾನೂ ಬರ್ತೀನಿ ಅಂಗಡಿಗೆ,” ಎಂದಳು ಅಕ್ಕ.

ದೂರದರ್ಶಕಗಳ ಅಂಗಡಿಯವನು ಕನ್ನಡಕವನ್ನು ಬೋಳುತಲೆಯ ಮೇಲೇರಿಸಿಕೊಂಡು ಸಮಾಧಾನವಾಗಿ ಕೇಳಿಸಿಕೊಂಡ. ಮನೆಯಲ್ಲಿ ಹಳೆಯದೊಂದು ಕ್ಯಾಮೆರಾ ಇದೆ ಎಂದಳು ತಂಗಿ.

“ಅದೇ ಸಾಕು. ಮೊದಲು ಬೇಕಾಗಿರೋದು ಒಳ್ಳೇ ಸ್ಟ್ಯಾಂಡು. ನೀಹಾರಿಕೆ ಅಂದ್ರೆ ತುಂಬಾ ಮಂಕು, ಲೆನ್ಸು ಬಹಳ ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಆಕಾಶ ಜರುಗಿಬಿಡುತ್ತೆ, ಚುಕ್ಕಿ ಹೋಗಿ ಗೀಟಾಗುತ್ತೆ. ಅದಕ್ಕೇ ಆಕಾಶದ ಜೊತೆ ಕ್ಯಾಮೆರಾನ ತಿರುಗಿಸೋ ಯಂತ್ರ ಹಾಕ್ತಾರೆ. ಎಲ್ಲಿಂದ ತೆಗೀತೀರಿ ಫೋಟೋ?”

ತಂಗಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ, “ಬಾಲ್ಕನಿಯಿಂದ,” ಎಂದಳು.

“ಧ್ರುವ ನಕ್ಷತ್ರ ಕಾಣುತ್ತಾ? ಆಕಾಶ ತಿರುಗೋದು ಅದರ ಸುತ್ತಾನೇ, ಯಂತ್ರಾನ ಅದರ ಕಡೆಗೆ ಗುರಿ ಇಡಬೇಕು.”

“ನಮ್ಮದು ಪಶ್ಚಿಮಕ್ಕಿದೆ. ಕಾಣದೇ ಇದ್ರೆ ಏನ್ ಮಾಡೋದು?”

“ಕಂಪ್ಯೂಟರ್ ಇರೋ ದೊಡ್ಡ ಯಂತ್ರ ಇದೆ. ಬೇರೆ ಚುಕ್ಕಿ ನೋಡಿ ಲೆಕ್ಕ ಹಾಕುತ್ತೆ. ಆದ್ರೆ ಎತ್ತೋಕೆ ಇಬ್ಬರು ಬೇಕು.”

“ಎತ್ತೋದು ಯಾಕೆ? ಅಲ್ಲೇ ಇರುತ್ತೆ.”

“ಬೀದಿದೀಪ?”

“ಮೂಗಿನೆದುರಿಗೇ ಇದೆ. ಅದಕ್ಕೂ ಏನಾದ್ರೂ ಇರ್ಬೇಕಲ್ಲ?”

“ಫಿಲ್ಟರ್ ಇದೆ. ಆದ್ರೆ ಅಮ್ಮಾ, ಮೂಗು ಹಿಡಿಯೋಕೆ ತಲೆ ಸುತ್ತಿ ಕೈ ತರೋದು ಯಾಕೆ?” ಅವನು ಗಾಜಿನ ಕಪಾಟಿನಿಂದ ಅಂಗೈಗಲದ ಒಂದು ಕಪ್ಪು ಡಬ್ಬಿ ತೆಗೆದಿಟ್ಟ. “ಇದು ಟ್ರ್ಯಾಕರ್, ಆಕಾಶದ ಜೊತೆ ತಿರುಗೋ ಚಿಕ್ಕ ಯಂತ್ರ. ಗಟ್ಟಿ ಟ್ರೈಪಾಡು, ಇರೋ ಕ್ಯಾಮೆರಾ, ಅಷ್ಟೇ. ಚೀಲಕ್ಕೆ ಹಾಕ್ಕೊಂಡು ಕತ್ತಲಿರೋ ಕಡೆ ಹೋಗ್ಬೇಕು. ಅಮಾವಾಸ್ಯೆ ಹತ್ತಿರದ ಶನಿವಾರ ನಮ್ಮ ವ್ಯಾನು ಹೋಗುತ್ತೆ, ಹೆಂಗಸರೂ ಬರ್ತಾರೆ.”

“ಸರಿಹೋಯ್ತು!” ಎಂದಳು ಅಕ್ಕ. “ದೊಡ್ಡದನ್ನೇ ಕೊಡಿ.”

ತಂಗಿ ಆ ಕಪ್ಪು ಡಬ್ಬಿಯನ್ನು ಒಮ್ಮೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

ದೊಡ್ಡ ಯಂತ್ರ ಬಾಲ್ಕನಿಗೆ ಬಂತು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಬೇಕಾಯಿತು. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಮೇಲಿನ ಮನೆಯ ಸಜ್ಜಕ್ಕೂ ಎದುರು ಕಟ್ಟಡದ ನೀರಿನ ಟ್ಯಾಂಕಿಗೂ ನಡುವೆ ಒಂದು ಪಟ್ಟಿಯಷ್ಟು ಆಕಾಶ. ಅದರಲ್ಲಿ ಯಂತ್ರ ಹುಡುಕುವ ಚುಕ್ಕಿಗಳೇ ಇರುತ್ತಿರಲಿಲ್ಲ. ಚಿತ್ರ ತೆಗೆದರೆ ಪರದೆಯ ತುಂಬ ಬೀದಿದೀಪದ ಹಳದಿ ಗಂಜಿ. ಅಕ್ಕ ಮಾತ್ರ ಪಕ್ಕದ ಕೋಣೆಯಿಂದ ಅಕ್ಕರೆಯಿಂದಲೇ ಕೇಳುವಳು, “ಬಂತೇನೇ ನಿನ್ನ ನೀಹಾರಿಕೆ?” ತಂಗಿ “ಇನ್ನೂ ಇಲ್ಲ ಅಕ್ಕ,” ಎಂದು ಮತ್ತೆ ಗುಂಡಿ ಒತ್ತುವಳು. ಹಗಲು ಸೀಸದ ಬಾಗಿಲ ಹಿಂದೆ ನಿಂತು “ಉಸಿರು ಹಿಡಿದುಕೊಳ್ಳಿ” ಎಂದು ರೋಗಿಗಳಿಗೆ ಹೇಳುವಾಗ, ತಾನು ಯಾವಾಗ ಬಿಟ್ಟೇನು ಎನಿಸುವುದು.

ಒಂದು ಮಧ್ಯಾಹ್ನ ರಜೆ ಹಾಕಿದಳು. ಅಕ್ಕ ಹೊಲಿದ ಬಟ್ಟೆ ಕೊಡಲು ಹೋಗಿದ್ದಾಗ ಕೂಲಿಯವನನ್ನು ಕರೆದು ಯಂತ್ರವನ್ನು ಗಾಡಿಗೆ ಹಾಕಿಸಿ ಅಂಗಡಿಗೆ ಒಯ್ದಳು. ಅಂಗಡಿಯವನು ಏನೂ ಕೇಳದೆ ಅದರ ಬದಲಿಗೆ ಆ ಕಪ್ಪು ಡಬ್ಬಿಯನ್ನೂ ಟ್ರೈಪಾಡನ್ನೂ ಒಂದು ಚೀಲಕ್ಕೆ ಹಾಕಿಕೊಟ್ಟ.

ಸಂಜೆ ಅಕ್ಕ ಬರಿದಾದ ಬಾಲ್ಕನಿ ನೋಡಿದಳು. ಮಂಚದ ಮೇಲಿದ್ದ ಚೀಲ ಎತ್ತಿ ನೋಡಿದಳು.

“ಏನೇ ಇದು, ಇಷ್ಟು ಹಗುರ?”

“ಹೊತ್ಕೊಂಡು ಹೋಗೋಕೆ ಅಕ್ಕ.”

ಕೂಗಾಡಿದ್ದರೆ ಚೆನ್ನಾಗಿತ್ತು. ಅಕ್ಕ ಚೀಲವನ್ನು ಇದ್ದಲ್ಲೇ ಇಟ್ಟು, “ದೊಡ್ಡವಳಾದೆ. ಹೋಗು,” ಎಂದಳು. ಆಮೇಲೆ ಶನಿವಾರದವರೆಗೆ ಹೊಲಿಗೆ ಯಂತ್ರದ್ದಷ್ಟೇ ಸದ್ದು.

ವ್ಯಾನು ಊರಾಚೆಯ ಬೋಳು ದಿಬ್ಬ ತಲುಪುವಾಗ ಹೊತ್ತು ಮುಳುಗಿತ್ತು. ಕತ್ತಲು ಗಟ್ಟಿಯಾಗುತ್ತಿದ್ದಂತೆ ಧ್ರುವ ನಕ್ಷತ್ರ ಕಂಡಿತು, ಯಾರೂ ತೋರಿಸಿಕೊಡಬೇಕಾಗಲಿಲ್ಲ. ಟ್ರ್ಯಾಕರನ್ನು ಅದಕ್ಕೆ ಗುರಿಯಿಟ್ಟು, ಕ್ಯಾಮೆರಾವನ್ನು ಮೂಡಣದ ಮಹಾವ್ಯಾಧನ ಕಡೆಗೆ ತಿರುಗಿಸಿ ಗುಂಡಿ ಒತ್ತಿದಳು. ಲೆನ್ಸು ತೆರೆದು ಮುಚ್ಚುವ ತನಕ ಕಾದ ಮೇಲೆ ಪರದೆಯ ನಡುವೆ ಉಗುರಿನಷ್ಟು ಗುಲಾಬಿ ಮಂಜು ಮೂಡಿತು. ಅವಳಿಗೆ ಕಣ್ಣು ತುಂಬಿ ಬಂದು ಮುಂದಿನದು ಕಾಣಲಿಲ್ಲ.

ಅಷ್ಟರಲ್ಲಿ ಫೋನು.

“ಊಟ ಆಯ್ತಾ?” ಅಕ್ಕ.

“ಆಯ್ತಕ್ಕ.”

“ಅಲ್ಲಿ ತುಂಬಾ ಕತ್ತಲಾ?”

“ಹೂಂ. ಕೈ ಚಾಚಿದ್ರೆ ಕೈ ಕಾಣಲ್ಲ.”

“ಭಯ ಆಗಲ್ವೇನೇ?”

“ಇಲ್ಲ ಅಕ್ಕ.”

 ಅಕ್ಕ, ಯಾರೋ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿ, “ನನಗೆ ಆಗುತ್ತೆ ಕಣೇ. ಅಪ್ಪ ಅಮ್ಮ ಹೋದ ದಿನದಿಂದ ಸಂಜೆ ಆದ್ರೆ ಸಾಕು, ಎದೆ ಒಡೆದುಹೋಗುತ್ತೆ. ನೀನು ಮನೇಲಿ ಇರ್ತಿದ್ದೆ, ಅದಕ್ಕೇ ಹೇಳ್ಲಿಲ್ಲ,” ಎಂದಳು.

 ತಂಗಿಗೆ ಅತ್ತ ದರಿ, ಇತ್ತ ಪುಲಿ. ಇಷ್ಟು ವರ್ಷ ತನ್ನನ್ನು ಕಾಯುತ್ತಿದ್ದಾಳೆಂದುಕೊಂಡವಳನ್ನು ತಾನೇ ಕಾಯುತ್ತಿದ್ದೆನಲ್ಲ! ಸಿಟ್ಟು ಮಾಡಿಕೊಳ್ಳುವ ದಾರಿಯೂ ಮುಚ್ಚಿತು.

“ಫೋನ್ ಇಡಬೇಡ ಅಕ್ಕ. ಹಾಗೇ ಮಾತಾಡ್ತಿರು,” ಎಂದಳು ಕೊನೆಗೆ.

ವ್ಯಾನಿನ ಹತ್ತಿರದಿಂದ ಬಿಸಿ ಟೀಗೆ ಕರೆದರು. ಅವಳು ಬರುವುದಿಲ್ಲವೆಂದು ಕೈಯಲ್ಲಾಡಿಸಿದಳು. ಆ ಕತ್ತಲಲ್ಲಿ ಅದು ಯಾರಿಗೂ ಕಾಣಲಿಲ್ಲ. ಅಕ್ಕ ಯಾರದೋ ರವಿಕೆಯ ತೋಳು ಬಿಗಿಯಾದ ಕತೆ ಶುರು ಮಾಡಿದ್ದಳು.