ಸೌನಾದಲ್ಲಿ ಕೂತ ಮೋಟಾರು

ರೇಯ್ನೊ ಕಂಗಾಸ್ ತನ್ನ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರಿಗೆ ತೋರಿಸುತ್ತಿದ್ದ ಕಾಳಜಿಯಲ್ಲಿ ಕಾಲುಭಾಗ ಹೆಂಡತಿಗೆ ತೋರಿಸಿದ್ದರೂ ಲೆಂಪಿ ಕಳ್ಳತನಕ್ಕೆ ಇಳಿಯುತ್ತಿರಲಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಅದರ ಹಿಡಿಕೆ ಮುಟ್ಟಲು ಅವಳಿಗೆ ಅಪ್ಪಣೆಯಿರಲಿಲ್ಲ. ಕೇಳಿದರೆ, "ಅದು ನಿಂಗೆ ಬಗ್ಗಲ್ಲ ಬಿಡು" ಎನ್ನುತ್ತಿದ್ದ, ಮೋಟಾರೇ ಅವನ ಕಿವಿಯಲ್ಲಿ ಹೇಳಿದ ಹಾಗೆ.

ಹಾಗಾಗಿ ನವೆಂಬರಿನಲ್ಲಿ ಅವನು ಜಿಂಕೆ ಬೇಟೆಗೆಂದು ಕಾಡಿನ ಬಿಡಾರಕ್ಕೆ ಹೊರಟ ಮರುಗಳಿಗೆಯೇ ಇವಳು ದೋಣಿ ಹತ್ತುತ್ತಿದ್ದಳು. ನಾಲ್ಕು ವರ್ಷದಿಂದ ನಡೆದು ಬಂದ ಗುಟ್ಟು. ಮಿನ್ನೆಸೋಟದ ಗಂಡಸರೆಲ್ಲ ಕಾಡು ಸೇರುವ ಆ ಒಂದು ವಾರ ಇಡೀ ಸರೋವರಕ್ಕೆ ಅವಳೊಬ್ಬಳೇ ಯಜಮಾನಿ. ಗೊತ್ತಾದರೆ ರೇಯ್ನೊ ಮೋಟಾರಿಗೆ ಬೀಗ ಜಡಿಯುವುದು ಖಂಡಿತ. ಆ ವಾರವನ್ನು ಕಳೆದುಕೊಳ್ಳಲು ಲೆಂಪಿಗೆ ಸುತರಾಂ ಇಷ್ಟವಿರಲಿಲ್ಲ.

ಬೇಟೆ ಮುಗಿಸಿ ಬಂದ ಮೇಲೆಯೇ ಮೋಟಾರು ಬಿಚ್ಚಿ ಒಳಗಿಡಬೇಕು ಎಂಬುದು ರೇಯ್ನೊನ ಶಾಸ್ತ್ರ. ಅಲ್ಲಿಯವರೆಗೆ ಅದು ನೆಟ್ಟಗೆ ನಿಂತಿರಬೇಕು, ಹೊಟ್ಟೆಯ ನೀರೆಲ್ಲ ಇಳಿದುಹೋಗಬೇಕು. ಒಳಗೆ ನೀರು ಉಳಿದು ಹೆಪ್ಪುಗಟ್ಟಿದರೆ ಲೋಹವನ್ನೇ ಸೀಳುತ್ತದೆ. ಈ ಪಾಠವನ್ನು ಅವನು ದಡದ ಪ್ರತಿ ಮನೆಗೂ ಹೋಗಿ ಒಪ್ಪಿಸಿದ್ದ, ಕೇಳದವರಿಗೂ.

ಆ ಬುಧವಾರ ಲೆಂಪಿಯ ಗಾಳಕ್ಕೆ ಹತ್ತು ಪೌಂಡಿನ ವಾಲೈ ಮೀನು ಬಿತ್ತು. ದಡಕ್ಕೆ ಬರುವಾಗ ಕಲ್ಲು ತಾಗದಿರಲೆಂದು ಎಲ್ಲರಂತೆ ಮೋಟಾರನ್ನು ಮೇಲಕ್ಕೆತ್ತಿದಳು. ಮತ್ತೆ ಇಳಿಸಬೇಕಿತ್ತು. ಮೀನನ್ನು ತಬ್ಬಿಕೊಂಡು ಮನೆಗೆ ಓಡುವ ಸಡಗರದಲ್ಲಿ ಮರೆತೇಬಿಟ್ಟಳು. ಸಂಜೆ ಮಳೆ ಹುಯ್ದು, ಆಕಾಶದತ್ತ ಮುಖ ಮಾಡಿದ್ದ ಮೋಟಾರಿನೊಳಗೆಲ್ಲ ನೀರು ತುಂಬಿತು. ಬೆಳಗಾಗುವಷ್ಟರಲ್ಲಿ ಎಲ್ಲವೂ ಗಡ್ಡೆ ಕಟ್ಟಿತ್ತು. ಅದರ ಪಂಖ ತಿರುಗಿಸಿದರೆ ಮಿಸುಕಾಡಲಿಲ್ಲ.

ಲೆಂಪಿ ಅದನ್ನು ಬಿಚ್ಚಿ, ಕೈಗಾಡಿಯಲ್ಲಿ ಸೌನಾಕ್ಕೆ, ಅಂದರೆ ಮೈ ಬೆವರಿಸಿಕೊಳ್ಳುವ ಬಿಸಿ ಕೋಣೆಗೆ, ಸಾಗಿಸಿ, ಒಲೆಗೆ ಎರಡೇ ಕೊರಡು ಹಾಕಿ, ಕೆಳಗಿನ ಹಲಗೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದಳು. ಬುಡಕ್ಕೆ ಟವೆಲು ಹಾಸಿದಳು. ತೊಟ್ಟಿಕ್ಕುವುದು ನಿಂತ ಮೇಲೆ ಬೆರಳಾಡಿಸಿ ನೋಡಿದರೆ, ದೇವರು ದೊಡ್ಡವನು, ಎಲ್ಲೂ ಬಿರುಕಿಲ್ಲ. ಉಸ್ಸೆಂದು ಉಸಿರು ಬಿಡುವಷ್ಟರಲ್ಲಿ ಬಾಗಿಲು ತೆರೆಯಿತು. ಮೊಣಕಾಲು ಹಿಡಿದುಕೊಂಡಿದ್ದರಿಂದ ರೇಯ್ನೊ ಎರಡು ದಿನ ಮೊದಲೇ ಬಂದಿದ್ದ.

"ಲೆಂಪಿ, ಇದು ಇಲ್ಲೇನ್ ಮಾಡ್ತಿದೆ?"

"ಚಳಿ ಜೋರಾಯ್ತಲ್ಲ. ನಿನ್ ಮೊಣಕಾಲಿಗೆ ಸೌನಾ ಬೇಕು. ಪಾಪ, ಅದಕ್ಕೆ ಬೇಡ್ವಾ?"

ರೇಯ್ನೊ ಮೋಟಾರನ್ನೂ ಟವೆಲನ್ನೂ ನೋಡಿದ. ಅವನ ಕಣ್ಣಂಚು ಒದ್ದೆಯಾಯಿತು. "ಅಂತೂ ನಿಂಗೂ ಅದರ ಕಷ್ಟ ಅರ್ಥ ಆಯ್ತಲ್ಲ ಮಾರಾಯ್ತಿ" ಎಂದು ಹೆಂಡತಿಯನ್ನು ಅಪ್ಪಿಕೊಂಡ. ರಾತ್ರಿ ಎರಡು ಬಟ್ಟಲು ಮೀನಿನ ಸಾರು ಸುರಿದುಕೊಂಡು, ಅಂಗಡಿಯ ಮೀನು ಇಷ್ಟು ರುಚಿಯೇ ಎಂದು ಹೊಗಳಿದ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ರೇಯ್ನೊನ ಬಾಯಿ ಸುಮ್ಮನಿರಬೇಕಲ್ಲ! ಒಳಗಿನ ಕೊನೆಯ ಹನಿ ಆರಬೇಕಾದರೆ ಸೌನಾಕ್ಕಿಂತ ದೊಡ್ಡ ಮದ್ದಿಲ್ಲ, ಇದು ಕಂಗಾಸ್ ಮನೆತನದ ಪದ್ಧತಿ ಎಂದು ದಡದ ತುಂಬ ಸಾರಿಬಂದ. ಶನಿವಾರ ಮೂರು ಮೋಟಾರು ಬಂದವು. ಲೆಂಪಿ ಟವೆಲು ಹೆಗಲಿಗೆ ಹಾಕಿಕೊಂಡು ಬಂದರೆ ಕೂರಲು ಜಾಗವಿಲ್ಲ, ಸೌನಾದ ತುಂಬ ಎಣ್ಣೆಯ ನಾತ. ಶನಿವಾರ ಸೌನಾ ತಪ್ಪಿಸಿದವಳಲ್ಲ ಅವಳು, ಹೆರಿಗೆಯ ವಾರ ಬಿಟ್ಟರೆ.

ಮುಂದಿನ ಶನಿವಾರ ಅಂಗಳದಲ್ಲಿ ಐದು ಕೈಗಾಡಿ. ಎಲ್ಲಕ್ಕಿಂತ ಮುಂದೆ ಪಕ್ಕದ ಮನೆಯ ಸುಲೋ ಹಾರ್ಯು.

"ಲೆಂಪಿ, ನಂದನ್ನ ಮೇಲಿನ ಹಲಗೆಗೆ ಹಾಕಮ್ಮ. ಅದಕ್ಕೆ ಶೀತ ಒಂಚೂರು ಜಾಸ್ತಿ."

ಲೆಂಪಿಗೆ ಪಿತ್ತ ನೆತ್ತಿಗೇರಿತು.

"ಶೀತಾನೂ ಇಲ್ಲ, ಪದ್ಧತೀನೂ ಇಲ್ಲ! ಇವನು ಬೇಟೆಗೆ ಹೋದಾಗ ನಾನು ಮೋಟಾರು ತಗೊಂಡು ಮೀನು ಹಿಡಿಯೋಕೆ ಹೋಗಿದ್ದೆ. ಇಳಿಸೋದು ಮರೆತೆ, ಒಳಗೆ ನೀರು ಗಡ್ಡೆ ಕಟ್ತು. ಕರಗಿಸೋಕೆ ಇಲ್ಲಿ ಕೂರಿಸಿದ್ದೆ, ಅಷ್ಟೇ. ಈಗ ಎಲ್ಲಾ ಎತ್ಕೊಂಡು ನಡೀರಿ!"

ರೇಯ್ನೊನ ಮುಖ ಬೀಟ್‌ರೂಟಾಯಿತು.

"ನನ್ ಮೋಟಾರು?"

"ನಿಂದೇ. ನಾಲ್ಕು ವರ್ಷದಿಂದ."

ರೇಯ್ನೊ ಬಾಯಿ ತೆರೆದ. ಅಷ್ಟರಲ್ಲಿ ಸುಲೋ ಕೇಳಿದ: "ಮೀನು ಬಿತ್ತಾ?"

"ಹತ್ತು ಪೌಂಡಿನ ವಾಲೈ. ಇವನು ಎರಡು ಬಟ್ಟಲು ಸುರ್ಕೊಂಡ."

ಆ ಬೇಸಿಗೆಯಿಡೀ ದಡದ ಗಂಡಸರಲ್ಲಿ ಒಬ್ಬನಿಗೂ ನಾಲ್ಕು ಪೌಂಡಿನದು ಬಿದ್ದಿರಲಿಲ್ಲ. ಕೈಗಾಡಿಗಳ ಹಿಡಿಕೆಗಳು ಒಂದೊಂದಾಗಿ ನೆಲಕ್ಕಿಳಿದವು. ರೇಯ್ನೊ ತೆರೆದಿದ್ದ ಬಾಯಿಂದ ಬೈಗುಳದ ಬದಲು ಒಂದೇ ಮಾತು ಹೊರಬಿತ್ತು: "ಎಲ್ಲಿ?"

ಲೆಂಪಿ ಎಲ್ಲರ ಮುಖವನ್ನೂ ಸಾವಕಾಶವಾಗಿ ನೋಡಿದಳು. ಅವಳಿಗೆ ಹೆದರಿಕೆಯೆಲ್ಲ ಹೋಗಿ ನಗು ಬರತೊಡಗಿತ್ತು.

"ಬಾಯಲ್ಲಿ ಹೇಳೋ ಜಾಗ ಅಲ್ಲ ಅದು. ಮೇ ತಿಂಗಳು ಬರ್ಲಿ. ಮೋಟಾರು ನಾನು ನಡೆಸ್ತೀನಿ, ನೀನು ಬಾಯ್ಮುಚ್ಕೊಂಡು ಮುಂದೆ ಕೂತ್ಕೊ. ಕರ್ಕೊಂಡ್ ಹೋಗ್ತೀನಿ."

ರೇಯ್ನೊ ಮೋಟಾರನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಸುಲೋನ ಗಾಡಿಯನ್ನು ತಾನೇ ಹೊರದಾರಿಯತ್ತ ತಿರುಗಿಸಿ, ಯಾರಿಗೂ ಕೇಳಿಸದಂತೆ ಅವಳ ಬಳಿ ಬಂದು ಪಿಸುಗುಟ್ಟಿದ:

"ಗಾಳನಾದ್ರೂ ನಾನು ಹಾಕ್ಬಹುದಾ?"